ಟೋಪನ್, ಹೀಲ್ಸ್, ಡ್ರಮ್ಸ್: ಡ್ರ್ಯಾಗ್ ಕಲಾವಿದರನ್ನು ಮುಖ್ಯ ಪಾತ್ರದಲ್ಲಿಟ್ಟು ಬೆಂಗಳೂರಿನಲ್ಲಿ ರಾಕ್ ಸಂಗೀತ ನಾಟಕ ಆಡಿಸುವ ಬಗೆ

ಮಾಮೂಲಿ ನಾಟಕದಲ್ಲಿ ವೇಷಭೂಷಣ ಕೊನೆಯ ವಾರ ಬಂದರೂ ಹೇಗೋ ನಿಭಾಯಿಸಬಹುದು. ಡ್ರ್ಯಾಗ್ ಕಲಾವಿದರು (ಅತಿರಂಜಿತ ಹೆಣ್ಣುವೇಷ ಹಾಕಿ ರಂಜಿಸುವವರು) ಮುಖ್ಯ ಪಾತ್ರ ಮಾಡುವ ರಾಕ್ ಸಂಗೀತ ನಾಟಕದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸೊಂಟಕ್ಕೆ ಕಟ್ಟುವ ಕಾರ್ಸೆಟ್ ಉಸಿರನ್ನು ಕಡಿಮೆ ಮಾಡುತ್ತದೆ. ಉಸಿರು ಎಷ್ಟಿದೆ ಎನ್ನುವುದರ ಮೇಲೆ ಶ್ರುತಿ, ಶ್ರುತಿಯ ಮೇಲೆ ಗಿಟಾರ್ ಟ್ಯೂನಿಂಗ್ ನಿಂತಿರುತ್ತದೆ. ಟೋಪನ್, ಅಂದರೆ ವಿಗ್, ಎಲ್ಲಿ ಕೂರುತ್ತದೋ ಅದನ್ನು ನೋಡಿಕೊಂಡು ಮೈಕ್ ಜಾಗ, ಹೀಲ್ಸ್ ಎಷ್ಟು ಎತ್ತರವೋ ಅದನ್ನು ನೋಡಿಕೊಂಡು ಮೆಟ್ಟಿಲಿನ ಎತ್ತರ ಗೊತ್ತಾಗಬೇಕು. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಪಾತ್ರಧಾರಿಯ ಮೈಯಿಂದ. ಬ್ಯಾಂಡು, ಬೆಳಕು, ರಂಗಸಜ್ಜಿಕೆ ಆಮೇಲೆ. ಇಲ್ಲಿರುವ ಲೆಕ್ಕವೆಲ್ಲ 90 ನಿಮಿಷದ, ವಿರಾಮವಿಲ್ಲದ, 9ರಿಂದ 11 ಹಾಡಿರುವ ಆಟಕ್ಕೆ, ನಾಲ್ಕು ಜನರ ಬ್ಯಾಂಡಿಗೆ ಮತ್ತು ಹತ್ತು ವಾರದ ತಾಲೀಮಿಗೆ ಹಾಕಿದ್ದು.

ಹಕ್ಕು ಮತ್ತು ಹಾಲ್

ಹೊಸದಾಗಿ ಕನ್ನಡದಲ್ಲೇ ಬರೆಸಿದರೆ ಅರ್ಧ ತಲೆನೋವು ಕಡಿಮೆ. ಬರೆದವರು, ರಾಗ ಹಾಕಿದವರು ಇಬ್ಬರ ಜೊತೆಗೂ ಒಂದು ಪುಟದ ಒಪ್ಪಂದ ಮಾಡಿಕೊಂಡರೆ ಸಾಕು. ಹೊರದೇಶದ ಸಂಗೀತ ನಾಟಕವನ್ನು ಕನ್ನಡಕ್ಕೆ ತರುವುದಾದರೆ ಪ್ರದರ್ಶನದ ಹಕ್ಕು ಬೇರೆ, ಅನುವಾದದ ಹಕ್ಕು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಎರಡೂ ಬರವಣಿಗೆಯಲ್ಲಿ ಬೇಕು. ಹಕ್ಕು ಕೊಡುವ ಏಜೆನ್ಸಿಗಳು ಹಾಲ್ ಹೆಸರು, ಸೀಟಿನ ಸಂಖ್ಯೆ, ಟಿಕೆಟ್ ದರ, ಪ್ರದರ್ಶನ ಎಷ್ಟು ಎಂದು ಕೇಳುತ್ತವೆ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಸಂಗೀತ ಕಾರ್ಯಕ್ರಮಗಳಿಗೆ ತೆಗೆದುಕೊಳ್ಳುವ ಐಪಿಆರ್‌ಎಸ್ (ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಇದ್ದರೆ ಸಾಕು ಎಂದು ನಂಬಿಕೊಂಡು ಕೂರಬೇಡಿ. ಕಥೆಯ ಭಾಗವಾಗಿ ಹಾಡನ್ನು ರಂಗದ ಮೇಲೆ ಆಡಿ ತೋರಿಸುವ ಹಕ್ಕನ್ನು ಹಕ್ಕುದಾರರಿಂದಲೇ ನೇರವಾಗಿ ಪಡೆಯಬೇಕು.

ಹಾಲ್ ವಿಷಯದಲ್ಲಿ ದೊಡ್ಡದೇ ಒಳ್ಳೆಯದು ಎಂಬ ಆಸೆ ಬಿಡಿ. ಜೆ.ಪಿ. ನಗರದ ರಂಗಶಂಕರದಂಥ ಸುಮಾರು 300 ಸೀಟಿನ ಜಾಗದಲ್ಲಿ ಕಣ್ರೆಪ್ಪೆ ಬಡಿದರೂ ಕೊನೆಯ ಸಾಲಿಗೆ ಕಾಣುತ್ತದೆ, ಬೈದರೂ ಕೇಳುತ್ತದೆ. ಡ್ರ್ಯಾಗ್ ಬದುಕುವುದೇ ಅಂಥ ಹತ್ತಿರದಲ್ಲಿ. ವೈಟ್‌ಫೀಲ್ಡ್‌ನ ಜಾಗೃತಿ ಇನ್ನೂ ಚಿಕ್ಕದು. ಅಲ್ಲಿ ಅಕೂಸ್ಟಿಕ್ ಡ್ರಮ್ಸ್ ಇಡುವ ಮುನ್ನ ಎರಡು ಸಲ ಯೋಚಿಸಿ. ರವೀಂದ್ರ ಕಲಾಕ್ಷೇತ್ರ, ಚೌಡಯ್ಯ ಸ್ಮಾರಕ ಭವನಗಳಲ್ಲಿ ಹಿಂದಿನ ಸಾಲಿಗೆ ಮುಖದ ಕೆಲಸವೆಲ್ಲ ಮಸುಕಾಗಿ, ಬರೀ ಟೋಪನ್ ಮತ್ತು ಮಿಂಚು ಉಳಿಯುತ್ತದೆ.

ಕಲಾಕ್ಷೇತ್ರದ ಪಕ್ಕದ ಸಂಸ ಬಯಲು ರಂಗಮಂದಿರ ಆಕರ್ಷಕ ಜಾಗ, ನಿಜ. ಆದರೆ ತೊಂದರೆ ಮೂರಿವೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಗಾಳಿ ಬೀಸಿದರೆ ಎತ್ತರದ ಟೋಪನ್ ಹಾಯಿಯಾಗುತ್ತದೆ. ಮಳೆಗಾಲದ ಸಂಜೆಗಳಲ್ಲಿ ದೀಪಕ್ಕೆ ಮುತ್ತುವ ಹುಳುಗಳಿಗೆ ಅಂಟಂಟಾದ ಲಿಪ್‌ಸ್ಟಿಕ್ ಬಹಳ ಇಷ್ಟ.

ಟಿಕೆಟ್ ದರ 500 ರೂಪಾಯಿ ದಾಟದಂತೆ ಇಟ್ಟರೆ ನಾಟಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಆಡಿಟರ್ ಹತ್ತಿರ ಒಮ್ಮೆ ಖಚಿತಪಡಿಸಿಕೊಳ್ಳಿ. ಪೊಲೀಸ್ ಅನುಮತಿ ಯಾರು ತರಬೇಕು, ಹಾಲ್‌ನವರೋ ತಂಡದವರೋ ಎಂಬುದನ್ನು ಬುಕಿಂಗ್ ದಿನವೇ ಕೇಳಿ. ಪೋಸ್ಟರ್‌ನಲ್ಲಿ ವಯೋಮಿತಿ, ಹೊಗೆ ಮತ್ತು ಮಿನುಗು ದೀಪದ ಎಚ್ಚರಿಕೆ ಅಚ್ಚಾಗಿರಲಿ.

ಪಾತ್ರಧಾರಿ

ಗಂಡಸರು ಹೆಣ್ಣುವೇಷ ಹಾಕುವುದು ಕನ್ನಡ ರಂಗಕ್ಕೆ ಹೊಸತೇನೂ ಅಲ್ಲ. ಯಕ್ಷಗಾನದ ಸ್ತ್ರೀವೇಷವಿದೆ, ಕಂಪನಿ ನಾಟಕಗಳ ಪರಂಪರೆಯಿದೆ. ಹಾಗೆಂದು ಇವೆಲ್ಲವನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಸ್ತ್ರೀವೇಷದವರು ಹೆಣ್ಣೆಂದು ನಂಬಿಸಲು ನೋಡುತ್ತಾರೆ. ಡ್ರ್ಯಾಗ್ ಕಲಾವಿದರು ವೇಷವನ್ನು ವೇಷವೆಂದೇ ಮೆರೆಸುತ್ತಾರೆ, ಪ್ರೇಕ್ಷಕರ ಜೊತೆ ಅದರ ಬಗ್ಗೆಯೇ ತಮಾಷೆ ಮಾಡುತ್ತಾರೆ. ಯಲ್ಲಮ್ಮನ ಭಕ್ತರಾದ ಜೋಗತಿಯರ ಕೊಡ, ಚೌಡಿಕೆಗಳಂತೂ ಆಚರಣೆಗೆ ಸೇರಿದವು. ಚೆನ್ನಾಗಿ ಕಾಣುತ್ತದೆಂದು ಅವನ್ನು ರಂಗಸಾಮಗ್ರಿ ಮಾಡಿಕೊಳ್ಳುವುದು ತಪ್ಪು.

ಆಡಿಷನ್‌ನಲ್ಲಿ ಲಿಪ್‌ಸಿಂಕ್ ಚೆನ್ನಾಗಿ ಮಾಡುವವರಿಗೂ 90 ನಿಮಿಷ ಹಾಡಬಲ್ಲವರಿಗೂ ವ್ಯತ್ಯಾಸ ನೋಡಬೇಕು. ಪರೀಕ್ಷೆ ಸರಳ: ಹೀಲ್ಸ್ ಹಾಕಿಸಿ, ವೇಗದ ಹಾಡೊಂದಕ್ಕೆ ಐದು ನಿಮಿಷ ಕುಣಿಸಿ, ನಿಲ್ಲಿಸಿದ ಕೂಡಲೇ ನಿಧಾನದ ಪಲ್ಲವಿ ಹಾಡಿಸಿ. ಸ್ವರ ಅಲುಗಾಡುವುದು ಸಹಜ, ಅಭ್ಯಾಸದಿಂದ ಸರಿಹೋಗುತ್ತದೆ. ಎರಡು ನಿಮಿಷವಾದರೂ ಉಸಿರು ಹದಕ್ಕೆ ಬರದಿದ್ದರೆ ಹತ್ತು ವಾರ ಸಾಲದು.

ತಾಲೀಮಿನ ಮೊದಲ ದಿನವೇ ಎರಡು ಪ್ರಶ್ನೆ ಕೇಳಿ. ವೇಷದಲ್ಲಿದ್ದಾಗ ಮತ್ತು ಇಲ್ಲದಾಗ ಯಾವ ಹೆಸರಿನಿಂದ ಕರೆಯಬೇಕು? ಪ್ರಚಾರದಲ್ಲಿ ಯಾವ ಹೆಸರು, ಯಾವ ಫೋಟೋ ಹಾಕಬಹುದು? ಎರಡನೆಯ ಉತ್ತರ ಬರವಣಿಗೆಯಲ್ಲಿರಲಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ವಿಷಯದಲ್ಲಿ, ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪು ಕೊಟ್ಟ ಮೇಲೂ, ಆಫೀಸಿನಲ್ಲಿ ಗೊತ್ತಿಲ್ಲದ, ಮನೆಯಲ್ಲಿ ಹೇಳದ ಕಲಾವಿದರು ಬಹಳ ಜನ ಇದ್ದಾರೆ. ಒಂದು ಪೋಸ್ಟರ್ ಅವರ ಬದುಕನ್ನು ಅಲ್ಲೋಲಕಲ್ಲೋಲ ಮಾಡಬಹುದು. ಕನ್ನಡದ ಕ್ರಿಯಾಪದ ಲಿಂಗವನ್ನು ತಾನೇ ಹೇಳಿಬಿಡುವುದರಿಂದ, ಘೋಷಣೆ ಮತ್ತು ಬ್ರೋಷರ್‌ಗಳಲ್ಲಿ ಅವರು, ಬರುತ್ತಾರೆ, ಹಾಡುತ್ತಾರೆ ಎಂಬ ಬಹುವಚನವೇ ಇರಲಿ.

ಶ್ರುತಿ ಹಿಡಿಯುವುದು

ಹೆಣ್ಣುಪಾತ್ರವೆಂದು ಎಲ್ಲ ಹಾಡನ್ನೂ ಮೇಲಿನ ಸ್ಥಾಯಿಗೆ ಎತ್ತಿ, ಇಡೀ ಆಟ ಕಳ್ಳದನಿಯಲ್ಲಿ (ಫಾಲ್ಸೆಟ್ಟೊ) ಹಾಡಿಸುವುದು ಎಲ್ಲರೂ ಮಾಡುವ ಮೊದಲ ತಪ್ಪು. ಕಳ್ಳದನಿಗೆ ಡ್ರಮ್ಸ್ ಎದುರು ತೂಕವಿರುವುದಿಲ್ಲ. ಮೂರನೇ ಹಾಡಿಗೆ ಗಂಟಲು ಒಣಗುತ್ತದೆ. ಪಾತ್ರಧಾರಿಯ ಎದೆಯ ದನಿಯಲ್ಲೇ ಹಾಡು ನಿಲ್ಲಲಿ. ಕಳ್ಳದನಿಯನ್ನು ಎರಡು ಮೂರು ಕಡೆ ಒಡವೆ ತೊಡಿಸಿದ ಹಾಗೆ ಇಟ್ಟರೆ ಸಾಕು.

ಶ್ರುತಿ ನಿರ್ಧರಿಸುವ ದಿನ ಕಾರ್ಸೆಟ್ ಕಟ್ಟಿರಬೇಕು, ಕಾಲಲ್ಲಿ ಹೀಲ್ಸ್ ಇರಬೇಕು. ಸುಸ್ತಾದ ಮೇಲೆ ಸಲೀಸಾಗಿ ಮುಟ್ಟುವ ಅತಿ ಮೇಲಿನ ಸ್ವರವನ್ನು ಗುರುತು ಮಾಡಿ. ಹಾಡಿನ ಅತಿ ಎತ್ತರದ ಜಾಗ ಅದಕ್ಕಿಂತ ಎರಡು ಅರ್ಧಸ್ವರ ಕೆಳಗಿರಲಿ. ಎಳೆದು ನಿಲ್ಲಿಸಬೇಕಾದ ಪಲ್ಲವಿಯಾದರೆ ಮೂರೋ ನಾಲ್ಕೋ ಅರ್ಧಸ್ವರ ಕೆಳಗೆ. ಹಾರ್ಮೋನಿಯಂ ಮೇಲೆ ಕಲಿತ ರಂಗಗಾಯಕರು ತಮ್ಮ ಶ್ರುತಿಯನ್ನು ಕರಿ ಎರಡು, ಬಿಳಿ ಐದು ಎಂದು ಹೇಳುತ್ತಾರೆ. ಗಿಟಾರ್‌ನವರಿಗೆ ಇ, ಎ, ಡಿ, ಜಿ ಇಷ್ಟ, ಅಂದರೆ ಬಿಳಿ ಮೂರು, ಆರು, ಎರಡು, ಐದು. ಹಾಡುವವರಿಗೆ ಕರಿ ಎರಡು ಹಿತವೆನಿಸಿದರೆ ಗಿಟಾರು, ಬೇಸ್ ಎರಡನ್ನೂ ಅರ್ಧಸ್ವರ ಇಳಿಸಿ ಟ್ಯೂನ್ ಮಾಡಿದರಾಯಿತು, ಬೆರಳಿನ ಜಾಗ ಬಿಳಿ ಮೂರರದ್ದೇ ಉಳಿಯುತ್ತದೆ. ಇಡೀ ಆಟಕ್ಕೂ ಒಂದೇ ಟ್ಯೂನಿಂಗ್ ಇಟ್ಟುಕೊಳ್ಳಿ. ಮಧ್ಯೆ ಟ್ಯೂನ್ ಬದಲಿಸಲು ಎರಡನೇ ಗಿಟಾರ್ ಬೇಕಾಗುತ್ತದೆ, ಇಲ್ಲದಿದ್ದರೆ ಮೌನ ಬೀಳುತ್ತದೆ.

ರಾಕ್ ಲಯಕ್ಕೆ ಕನ್ನಡದ ಮಾತು

ಬೀಟ್ ಜೋರಾದಾಗ ಕನ್ನಡ ಹಾಡು ಅರ್ಥವಾಗದೆ ಹೋಗಲು ಕಾರಣ ಸಾಮಾನ್ಯವಾಗಿ ಸೌಂಡ್‌ನವರಲ್ಲ, ಸಾಹಿತ್ಯ ಕೂರಿಸಿದ ರೀತಿ.

ನಮ್ಮ ನುಡಿಯಲ್ಲಿ ಒತ್ತು ಪದದ ಮೊದಲಕ್ಕರಕ್ಕೆ ಬೀಳುತ್ತದೆ. ರಾಕ್ ಹಾಡುಗಳ ರಾಗಗಳು ಬಹಳ ಸಲ ಬೀಟಿಗೆ ಮೊದಲೇ ಎದ್ದು, ಎರಡನೇ ಅಕ್ಷರವನ್ನು ಡ್ರಮ್ ಮೇಲೆ ಕೂರಿಸುತ್ತವೆ. ಹಾಗಾದಾಗ ಪದ ಮುರಿದು ಕೇಳುತ್ತದೆ. ಅಂಥ ಕಡೆ ಸಾಲಿನ ಮುಂದೆ ಓ, ಏ, ಬಾ, ಹೇ ಎಂಬ ಒಂದಕ್ಷರ ಸೇರಿಸಿ ಪದವನ್ನು ಬೀಟಿನ ಮೇಲಕ್ಕೆ ತಳ್ಳಿ.

ಹ್ರಸ್ವವನ್ನು ಎಳೆದರೆ ಪದವೇ ಬದಲಾಗುತ್ತದೆ. 'ನಡು ರಾತ್ರಿ' ಎಂಬಲ್ಲಿ ಮೊದಲಕ್ಷರವನ್ನು ಎರಡು ಬೀಟ್ ಹಿಡಿದರೆ 'ನಾಡು ರಾತ್ರಿ' ಆಗುತ್ತದೆ, 'ಕಡು' ಎಂಬುದು 'ಕಾಡು' ಆಗುತ್ತದೆ, 'ಮಡಿ' ಎಂಬುದು 'ಮಾಡಿ'. ರಾಗ ಹಾಕುವವರಿಗೆ ಸಾಹಿತ್ಯ ಕೊಡುವಾಗ ದೀರ್ಘಾಕ್ಷರಗಳ ಕೆಳಗೆ ಗೆರೆ ಎಳೆದು ಕೊಡಿ. ಉದ್ದ ಹಿಡಿಯುವ ಸ್ವರಗಳೆಲ್ಲ ಅಲ್ಲೇ ಬರಲಿ.

ಮೇಲಿನ ಸ್ವರದಲ್ಲಿ ಉಕಾರ ಹಾಡುವುದು ಕಷ್ಟ. ಬಾಯಿ ಮುಚ್ಚುತ್ತದೆ, ದನಿ ಸಣ್ಣದಾಗುತ್ತದೆ. ನಮ್ಮ ಪದಗಳೋ ಹೆಚ್ಚಿನಂಶ ಉಕಾರದಲ್ಲೇ ಮುಗಿಯುತ್ತವೆ. 'ಬಂದೆನು' ಎಂದು ಕೊನೆಗೊಳ್ಳುವ ಸಾಲನ್ನು 'ಬಂದೆ ನಾ' ಎಂದು ತಿರುಗಿಸಿದರೆ ಕೂಗಲು ಬಾಯಿ ತೆರೆಯುತ್ತದೆ. ಒತ್ತಕ್ಷರಗಳು ಮಾತ್ರ ನಮಗೆ ಸಿಕ್ಕ ದೊಡ್ಡ ಲಾಭ. ಕತ್ತಲು, ಕಿಚ್ಚು, ಸೊಕ್ಕು ಇಂಥ ಪದಗಳ ಒತ್ತನ್ನು ಸ್ನೇರ್ ಡ್ರಮ್ ಜೊತೆ ಕೂರಿಸಿ ನೋಡಿ. ಇಂಗ್ಲಿಷ್ ರಾಕ್‌ಗೆ ಇಲ್ಲದ ಒಂದು ಗುದ್ದು ಬರುತ್ತದೆ.

ಮೈಕಟ್ಟು: ಕಾರ್ಸೆಟ್, ಪ್ಯಾಡ್, ಹೀಲ್ಸ್

ಮೊದಲ ವಾರದಿಂದ ಹೀಲ್ಸ್, ನಾಲ್ಕನೇ ವಾರದಿಂದ ಕಾರ್ಸೆಟ್, ಆರನೇ ವಾರದಿಂದ ಟೋಪನ್. ಈ ಕ್ರಮ ಬಿಡಬೇಡಿ. ಶ್ರುತಿ ನಿರ್ಧರಿಸುವ ದಿನಕ್ಕೆ ಬೇಕಾದ ಕಾರ್ಸೆಟ್ ಎರವಲಾದರೂ ಸರಿ.

ಹಾಡುವವರಿಗೆ ಎದೆಯಿಂದ ಸೊಂಟದವರೆಗೆ ಬಿಗಿಯುವ ಉದ್ದ ಕಾರ್ಸೆಟ್ ಬೇಡ. ಪಕ್ಕೆಲುಬಿನ ಕೆಳಗೆ ಮಾತ್ರ ಕೂರುವ ಗಿಡ್ಡ ಪಟ್ಟಿ ಸಾಕು, ಬದಿಗಳಲ್ಲಿ ಎಲಾಸ್ಟಿಕ್ ಬಟ್ಟೆ ಇರಲಿ. ಸೊಂಟವನ್ನು 5 ಸೆಂಟಿಮೀಟರಿಗಿಂತ ಹೆಚ್ಚು ಇಳಿಸಬೇಡಿ. ಸೊಂಟ ಸಣ್ಣದಾಗಿ ಕಾಣಬೇಕಾದರೆ ಕೆಳಗೆ ಪ್ಯಾಡ್ ದಪ್ಪ ಮಾಡಿ, ಕಣ್ಣಿಗೆ ಅದೇ ಲೆಕ್ಕ. ಒಂದೇ ಉಸಿರಿನಲ್ಲಿ ಹಾಡುತ್ತಿದ್ದ ಸಾಲಿಗೆ ಮಧ್ಯೆ ಉಸಿರು ಬೇಕಾಯಿತೆಂದರೆ ಒಂದು ಬೆರಳಿನಷ್ಟು ಸಡಿಲಿಸಿ.

ಪ್ಯಾಡಿಗೆ ಸೋಫಾ ಕೆಲಸದವರ ಬಳಿ ಸಿಗುವ 2 ಇಂಚು ದಪ್ಪದ ಫೋಮ್ ತನ್ನಿ. ಎಲೆಯಾಕಾರದ ಎರಡು ತುಂಡು ಕತ್ತರಿಸಿ, ಅಂಚನ್ನು ಕತ್ತರಿಯಿಂದ ಓರೆಯಾಗಿ ಸವರುತ್ತಾ ಕಾಗದದಷ್ಟು ತೆಳ್ಳಗೆ ಮಾಡಬೇಕು. ಅಂಚು ದಪ್ಪ ಉಳಿದರೆ ಬಟ್ಟೆಯ ಮೇಲೆ ಗೆರೆ ಕಾಣುತ್ತದೆ, ಬದಿಯ ಬೆಳಕು ಬಿದ್ದಾಗಲಂತೂ ಎದ್ದು ಕಾಣುತ್ತದೆ. ಪ್ಯಾಡ್ ಮೇಲೆ ಮೂರು ಜೊತೆ ಡ್ಯಾನ್ಸ್ ಸ್ಟಾಕಿಂಗ್ಸ್, ಅದರ ಮೇಲೆ ಬಲೆಯ ಸ್ಟಾಕಿಂಗ್ಸ್. ಫೋಮ್ ಬೆವರು ಹೀರಿ ಭಾರವಾಗುವುದರಿಂದ ಎರಡು ಜೊತೆ ಮಾಡಿಟ್ಟುಕೊಳ್ಳಿ. ಕೆಳಮೈ ಅಡಗಿಸಲು ಪ್ಯಾಕಿಂಗ್ ಟೇಪ್, ಗ್ಯಾಫರ್ ಟೇಪ್ ಚರ್ಮಕ್ಕೆ ಅಂಟಿಸುವ ಅಭ್ಯಾಸ ಕೆಲವರಲ್ಲಿದೆ. ಚರ್ಮ ಕಿತ್ತುಬರುತ್ತದೆ, ಬೇಡ. ಬಿಗಿಯಾಗಿ ಹೊಲಿಸಿದ ಒಳಉಡುಪು ಸಾಕು. ನೋವು, ಜೋಮು ಬಂದರೆ ಆ ಕ್ಷಣ ತೆಗೆಯಬೇಕು, ಆಟದ ಮಧ್ಯವಾದರೂ ಸರಿ.

ಪಾದ 9, 10 ಅಳತೆಯದ್ದಾದರೆ ಅಂಗಡಿಯಲ್ಲಿ ಹೆಣ್ಣುಮಕ್ಕಳ ಹೀಲ್ಸ್ ಸಿಗುವುದು ಕಷ್ಟ. ಚಪ್ಪಲಿ ಮಾಡಿಕೊಡುವವರಿಗೆ ತಿಂಗಳ ಮುಂಚೆ ಅಳತೆ ಕೊಡಿ. 4 ಇಂಚಿಗಿಂತ ಎತ್ತರ ಬೇಡ. ಹಿಮ್ಮಡಿ ದಪ್ಪನೆಯದಾಗಿರಲಿ, ಕಣಕಾಲಿಗೆ ಪಟ್ಟಿ ಇರಲಿ, ತಳಕ್ಕೆ ರಬ್ಬರ್ ಅಂಟಿಸಿ. ಚೂಪು ಹಿಮ್ಮಡಿ ಎರಡು ಲೆವೆಲ್‌ಗಳ (ರಂಗದ ಮೇಲಿಡುವ ಹಲಗೆ ವೇದಿಕೆಗಳ) ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಂದಿಗಳನ್ನೆಲ್ಲ ಪ್ಲೈವುಡ್ ಹಾಸಿ ಮುಚ್ಚಿ, ಕೇಬಲ್‌ಗಳನ್ನು ರಂಗದ ಹಿಂಬದಿಯಿಂದ ಸುತ್ತಿಸಿ. ಮೆಟ್ಟಿಲು 6 ಇಂಚು ಎತ್ತರ, 12 ಇಂಚು ಅಗಲ, ಅಂಚಿಗೆ ಬಿಳಿ ಟೇಪು. ಮಾಮೂಲಿ 8 ಇಂಚಿನ ಮೆಟ್ಟಿಲನ್ನು ಕತ್ತಲಲ್ಲಿ ಹೀಲ್ಸ್ ಹಾಕಿ ಇಳಿಯುವುದು ಜಾರಿ ಬೀಳುವುದಕ್ಕೆ ನೇರ ದಾರಿ.

ಬಟ್ಟೆ ಅಂಚು, ಮಿಂಚಿನ ಪಟ್ಟಿ, ಲೇಸುಗಳಿಗೆ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್ ಸುತ್ತಿ. ಬಳೇಪೇಟೆಯ ನೃತ್ಯದ ಒಡವೆ ಅಂಗಡಿಗಳಲ್ಲಿ ರಂಗಕ್ಕೆ ತಡೆಯುವ ದೊಡ್ಡ ಓಲೆ, ಹಾರ ಸಿಗುತ್ತವೆ. ಬೇಸ್ ತಂತಿ ಹರಿದರೆ ಅದಕ್ಕೂ ಬಳೇಪೇಟೆಯೇ.

ಮುಖ

ಒಟ್ಟು ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಭ್ಯಾಸವಿರುವವರು ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ, ಆದರೆ ಪ್ರದರ್ಶನದ ದಿನ ಕೈ ನಡುಗುತ್ತದೆ.

1. ಬಿಸಿನೀರಿನ ಬಟ್ಟೆ ಒತ್ತಿ, ಹೊಸ ಬ್ಲೇಡಿನಿಂದ ಶೇವ್ ಮಾಡಿ 20 ನಿಮಿಷ ಬಿಡಿ. ಕೂಡಲೇ ಬಣ್ಣ ಹಚ್ಚಿದರೆ ಉರಿಯುತ್ತದೆ.

2. ಹುಬ್ಬು ಮುಚ್ಚಲು ಅಂಟಿನ ಕಡ್ಡಿ ಬೇಕು, ಫೆವಿಸ್ಟಿಕ್‌ನಂಥದ್ದು. ಕೂದಲಿನ ದಿಕ್ಕಿಗೆ ವಿರುದ್ಧವಾಗಿ ಹಚ್ಚಿ, ಮೇಲಕ್ಕೆ ಬಾಚಿ, ಚಪ್ಪಟೆ ಒತ್ತಿ, ಒಣಗಲು ಬಿಡಿ. ಹೀಗೆ ಮೂರು ನಾಲ್ಕು ಪದರ. ಪ್ರತಿ ಪದರ ಪೂರ್ತಿ ಒಣಗದಿದ್ದರೆ ಬೆವರಿಗೆ ಎದ್ದು ಬರುತ್ತದೆ. ಹುಬ್ಬಿನ ಮೇಲೆ ಇನ್ನೊಂದು ಹುಬ್ಬು ಮೂಡಿದ ಮುಖ ದುಃಖದ ಹಾಡನ್ನೂ ಹಾಸ್ಯ ಮಾಡುತ್ತದೆ. ಕೊನೆಗೆ ಪೌಡರು.

3. ಗಡ್ಡದ ಜಾಗದ ನೀಲಿ ಹಸಿರು ಛಾಯೆಗೆ ಕಿತ್ತಳೆ ಬಣ್ಣದ ಕರೆಕ್ಟರ್ ತೆಳುವಾಗಿ ಹಚ್ಚಿ. ಇದನ್ನು ಬಿಟ್ಟು ನೇರ ಪ್ಯಾನ್‌ಸ್ಟಿಕ್ (ಮುಖಕ್ಕೆ ಹಚ್ಚುವ ದಪ್ಪ ಮೂಲಬಣ್ಣ) ಬಳಿದರೆ ಬೆಳಕಿನಲ್ಲಿ ಗಲ್ಲ ಬೂದಿಯಾಗಿ ಕಾಣುತ್ತದೆ.

4. ಪ್ಯಾನ್‌ಸ್ಟಿಕ್ ಒತ್ತಿ ಕೂರಿಸಿ, ಉಜ್ಜಬೇಡಿ. ನೆರಳು ಬೆಳಕಿನ ಕೆಲಸ ಮಾಡಿ, ಪೌಡರನ್ನು ಧಾರಾಳವಾಗಿ ಹಾಕಿ ಐದಾರು ನಿಮಿಷ ಬಿಟ್ಟು ಕೊಡವಿ.

5. ಕಣ್ಣು. ರೆಪ್ಪೆಯ ಮಡಿಕೆಯನ್ನು ನಿಜವಾದ ಜಾಗಕ್ಕಿಂತ ಮೇಲೆ ಬರೆಯಿರಿ. ಕೃತಕ ರೆಪ್ಪೆ ಎರಡು ಜೊತೆ ಒಂದರ ಮೇಲೊಂದು ಮೊದಲೇ ಅಂಟಿಸಿಟ್ಟುಕೊಂಡರೆ ಸಮಯ ಉಳಿಯುತ್ತದೆ.

6. ತುಟಿ ಕೊನೆಗೆ. ಆಮೇಲೆ ನೀರು ಕುಡಿಯುವುದು ಸ್ಟ್ರಾದಲ್ಲೇ.

ಮಿಂಚಿನ ಪುಡಿ ಸೌಂದರ್ಯವರ್ಧಕಕ್ಕೆಂದೇ ಮಾಡಿದ್ದಿರಬೇಕು. ಸ್ಟೇಷನರಿ ಅಂಗಡಿಯದ್ದು ಕಣ್ಣಿಗೆ ಗೀರು ಹಾಕುತ್ತದೆ. ಯಾವುದೇ ಮಿಂಚಾದರೂ ಮೈಕ್ ಜಾಲರಿಗೆ, ಗಿಟಾರ್‌ಗೆ, ಮುಂದಿನ ಆರು ತಿಂಗಳ ಕಾಲ ಆ ಗ್ರೀನ್ ರೂಮಿನಲ್ಲಿ ಕೂರುವ ಪೌರಾಣಿಕ ನಾಟಕದ ದ್ರೋಣಾಚಾರ್ಯರಿಗೂ ಅಂಟುತ್ತದೆ. ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ.

ಟೋಪನ್ ಮತ್ತು ಮೈಕ್, ಎರಡೂ ಒಂದೇ ಕೆಲಸ

ರಾಕ್ ಆಟದಲ್ಲಿ ತಲೆ ಕೊಡವದೆ ಇರಲಾಗದು. ಆದ್ದರಿಂದ ಟೋಪನ್ ಕಟ್ಟುವುದನ್ನು ಮೇಕಪ್‌ನವರಿಗೆ ಬಿಟ್ಟು ಸುಮ್ಮನಾಗಬೇಡಿ.

ಸ್ವಂತ ಕೂದಲಿದ್ದರೆ ನೆತ್ತಿಯ ಸುತ್ತ ಚಿಕ್ಕ ಚಿಕ್ಕ ಸುರುಳಿ ಮಾಡಿ ಪಿನ್ ಹಾಕಿ. ಅದರ ಮೇಲೆ ವಿಗ್ ಕ್ಯಾಪ್ ಎರಡು. ಎರಡು ಕ್ಯಾಪ್‌ಗಳ ನಡುವೆ ಮೈಕ್‌ನ ತಂತಿ ಓಡಲಿ, ಕತ್ತಿನ ಹಿಂದಿನಿಂದ ಸೊಂಟದ ಟ್ರಾನ್ಸ್‌ಮಿಟರ್‌ಗೆ ಇಳಿಯಲಿ. ಟೋಪನ್‌ನ ಮುಂಭಾಗವನ್ನು ಸ್ಪಿರಿಟ್ ಗಮ್ಮಿನಿಂದ ಅಥವಾ ಎರಡು ಬದಿಯ ಟೇಪಿನಿಂದ ಕೂರಿಸಿ, ಎಂಟು ಹತ್ತು ಯು ಪಿನ್‌ಗಳನ್ನು ಕೆಳಗಿನ ಸುರುಳಿಗಳೊಳಗೆ ಓರೆಯಾಗಿ ನೂಕಿ. ಬೋಳುತಲೆಯಾದರೆ ಸಿಲಿಕೋನ್ ಪಟ್ಟಿ, ನಾಲ್ಕು ಕಡೆ ಟೇಪು, ಕುತ್ತಿಗೆಯ ಹಿಂದೆ ಎಲಾಸ್ಟಿಕ್. ಆಮೇಲೆ 30 ಸೆಕೆಂಡ್ ಜೋರಾಗಿ ತಲೆ ಕೊಡವಿಸಿ ನೋಡಿ. ಕಥೆಯಲ್ಲಿ ಟೋಪನ್ ಕಿತ್ತೆಸೆಯುವ ಘಟ್ಟವಿದ್ದರೆ ಅಂಟು ಬೇಡ, ಪಿನ್ ಮಾತ್ರ. ಅದರ ಹಿಂದಿನ ಹಾಡಿನಲ್ಲಿ ತಲೆ ಕೊಡವುವ ಚಲನೆಯನ್ನು ತೆಗೆದುಬಿಡಿ.

ಮಾತಿಗೆ ಕೆನ್ನೆಯ ಹೆಡ್‌ಸೆಟ್ ಮೈಕ್, ಹಾಡಿಗೆ ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕ್. ಎರಡೂ ಬೇಕು. ಹೆಡ್‌ಸೆಟ್ ಎಲ್ಲ ಕಡೆಯ ಸದ್ದನ್ನೂ ಹಿಡಿಯುವಂಥದ್ದಾದರೆ ಡ್ರಮ್ಸ್ ಪಕ್ಕ ಅದರ ದನಿಯನ್ನು ಎತ್ತಿದ ಕೂಡಲೇ ಸ್ಪೀಕರಿನಿಂದ ಕೂಗು (ಫೀಡ್‌ಬ್ಯಾಕ್) ಬರುತ್ತದೆ. ಎಸ್‌ಎಂ58ರಂಥ ಕೈಮೈಕ್ ಮುಂದಿನ ದನಿಯನ್ನು ಹಿಡಿದು ಬಾಲದ ಕಡೆಯದನ್ನು ಬಿಡುತ್ತದೆ. ಹಾಡುವವರು ತಮ್ಮ ದನಿ ಕೇಳಿಸಿಕೊಳ್ಳುವ ಮಾನಿಟರ್ ಸ್ಪೀಕರನ್ನು ಆ ಬಾಲದ ನೇರಕ್ಕೇ ಇಡಬೇಕು. ಆದರೆ ರಾಕ್ ಗತ್ತಿನಲ್ಲಿ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ಮೈಕ್‌ನ ಆ ಗುಣ ಕೆಡುತ್ತದೆ, ತಕ್ಷಣ ಕೂಗುತ್ತದೆ. ಸೌಂಡ್‌ನವರನ್ನು ಬೈಯುವ ಮುನ್ನ ಕೈ ಎಲ್ಲಿದೆ ನೋಡಿ.

ಹೆಡ್‌ಸೆಟ್ ಇರುವ ಬದಿಯಲ್ಲಿ ದೊಡ್ಡ ಓಲೆ ಬೇಡ, ಟಕಟಕ ಸದ್ದು ಬರುತ್ತದೆ. ಬೆವರಿನ ಹನಿ ಮೈಕ್‌ನ ಬಾಯಿಗೆ ಇಳಿದರೆ ದನಿ ಮಂಕಾಗುತ್ತದೆ. ತುದಿಗಿಂತ ಸ್ವಲ್ಪ ಹಿಂದೆ ವೈದ್ಯಕೀಯ ಟೇಪನ್ನು ಉಂಗುರದಂತೆ ಸುತ್ತಿದರೆ ಹನಿ ಅಲ್ಲೇ ನಿಲ್ಲುತ್ತದೆ. ಟ್ರಾನ್ಸ್‌ಮಿಟರಿಗೆ ಎಣ್ಣೆ ಸವರದ ಕಾಂಡೋಮ್ ತೊಡಿಸಿ. ಮೆಡಿಕಲ್ ಶಾಪಿನಲ್ಲಿ ನಾಚಿಕೊಳ್ಳದೆ ಕೇಳಿ, ರಂಗದಲ್ಲಿ ಅದಕ್ಕಿಂತ ಅಗ್ಗದ ಬೆವರುಗಾಪು ಇಲ್ಲ. ಆಂಟೆನಾ ಮೈಗೆ ಅಂಟಿಕೊಂಡರೆ ಸಿಗ್ನಲ್ ಕಡಿಮೆಯಾಗುತ್ತದೆ. ಬ್ಯಾಟರಿಯನ್ನು ಪ್ರತಿ ಆಟಕ್ಕೂ ಹೊಸದು ಹಾಕಿ. ತಾಲೀಮಿನಲ್ಲಿ ಸರಿಯಿದ್ದ ಅಗ್ಗದ 2.4 ಗಿಗಾಹರ್ಟ್ಸ್ ವೈರ್‌ಲೆಸ್, 300 ಮೊಬೈಲ್ ಒಳಗೆ ಬಂದ ಮೇಲೆ ತೊದಲುವುದುಂಟು; ಯುಎಚ್‌ಎಫ್ ಬಾಡಿಗೆಗೆ ತನ್ನಿ.

ಬ್ಯಾಂಡಿನ ಸದ್ದು

ಚಿಕ್ಕ ಹಾಲಿನಲ್ಲಿ ಡ್ರಮ್ಸ್‌ಗೆ ಮೈಕ್ ಹಾಕದಿದ್ದರೂ ಅದರ ಸದ್ದಿಗೆ ಹಾಡುವವರ ದನಿ ಮುಚ್ಚಿಹೋಗುತ್ತದೆ. ಡ್ರಮ್ಮರ್‌ಗೆ ಸಪೂರ ಕಡ್ಡಿಗಳ ಕಟ್ಟಿನಂಥ ಸ್ಟಿಕ್ ಕೊಡಿ, ಕೆಳಗೆ ದಪ್ಪ ಕಾರ್ಪೆಟ್ ಹಾಸಿ, ಕಿಕ್ ಡ್ರಮ್ ಒಳಗೆ ದಿಂಬು ಇಡಿ. ಬೇಸ್ ನೇರ ಮಿಕ್ಸರ್‌ಗೆ ಹೋಗಲಿ. ಗಿಟಾರ್ ಆಂಪ್ 15, 20 ವ್ಯಾಟಿನದ್ದು ಸಾಕು, ಅದರ ಮುಖ ವಿಂಗ್, ಅಂದರೆ ರಂಗದ ಪಕ್ಕದ ಮರೆಯ ಕಡೆಗಿರಲಿ.

ಕಾಲೇಜು ಫೆಸ್ಟ್‌ಗಳಲ್ಲಿ ಸೌಂಡ್‌ಚೆಕ್ ಡ್ರಮ್ಸ್‌ನಿಂದ ಶುರುವಾಗುತ್ತದೆ. ಇಲ್ಲಿ ತಿರುವುಮುರುವು ಮಾಡಿ. ಮೊದಲು ಮುಖ್ಯ ದನಿಯನ್ನು ಕೂಗು ಬರುವ ಅಂಚಿನವರೆಗೆ ಎತ್ತಿ, ಅಲ್ಲಿಂದ 6 ಡೆಸಿಬಲ್ ಇಳಿಸಿ ಗುರುತು ಹಾಕಿ. ಆ ಗುರುತಿನ ಕೆಳಗೆ ಬ್ಯಾಂಡ್ ಹೊಂದಿಕೊಳ್ಳಬೇಕು. ದನಿಯಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಗಿಟಾರ್ ಮತ್ತು ಕೀಬೋರ್ಡ್‌ನಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬಲ್ ತಗ್ಗಿಸಿ. ಕನ್ನಡದ ವ್ಯಂಜನಗಳು ಸ್ಪಷ್ಟವಾಗುವುದು ಆ ಜಾಗದಲ್ಲಿ. ಕಿವಿಯ ವಿಷಯ: 94 ಡೆಸಿಬಲ್ ಸದ್ದಿನಲ್ಲಿ ಒಂದು ಗಂಟೆ, 100ರಲ್ಲಿ ಕಾಲು ಗಂಟೆ, ಅದರಾಚೆ ಹಾನಿ. ಜ್ಯಾಮ್ ರೂಮಿನಲ್ಲಿ ತಾಲೀಮು ಮಾಡುವಾಗಲೂ ಎಲ್ಲರಿಗೂ ಇಯರ್‌ಪ್ಲಗ್.

ಕರೆಂಟ್ ಹೋಗಿ ಜನರೇಟರ್ ಹಿಡಿಯುವ ಕೆಲವು ಸೆಕೆಂಡಿನಲ್ಲಿ ಡಿಜಿಟಲ್ ಮಿಕ್ಸರ್ ಮತ್ತೆ ಮೊದಲಿಂದ ಶುರುವಾಗುತ್ತದೆ, ಒಂದೆರಡು ನಿಮಿಷ ಮೌನ. ಮಿಕ್ಸರ್, ವೈರ್‌ಲೆಸ್ ರಿಸೀವರ್, ಬೆಳಕಿನ ಕನ್ಸೋಲ್ ಇಷ್ಟಕ್ಕೆ ಒಂದು 1 ಕೆವಿಎ ಯುಪಿಎಸ್ ಇಡಿ.

ವೇಷ ಬದಲಾವಣೆ ಮತ್ತು ಮಾತಿನ ಜಾಗ

ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ 16 ಬಾರ್ (ಬಾರ್ ಎಂದರೆ ನಾಲ್ಕು ಬೀಟಿನ ಸುತ್ತು) ಅಂದರೆ 32 ಸೆಕೆಂಡ್. ಅಷ್ಟರಲ್ಲಿ ಜಿಪ್ ಎಳೆದು ಮುಗಿಸಲಾಗದು, ಅದೂ ಕೃತಕ ಉಗುರಿದ್ದರೆ. ಬದಲಿಸುವ ಬಟ್ಟೆಗೆ ಬೆನ್ನಲ್ಲಿ ವೆಲ್ಕ್ರೋ, ಕತ್ತಿನಲ್ಲಿ ಒಂದು ಟಿಚ್ ಬಟನ್. ವಿಂಗ್‌ನಲ್ಲಿ ಇಬ್ಬರು ನಿಲ್ಲಲಿ, ಒಬ್ಬರು ಬಟ್ಟೆಗೆ, ಒಬ್ಬರು ಮೈಕ್ ತಂತಿ ಮತ್ತು ಚಪ್ಪಲಿಗೆ. ಜಾಗ ಗುರುತು ಮಾಡಿ ಕತ್ತಲಲ್ಲೇ ಹತ್ತು ಸಲ ಅಭ್ಯಾಸ ಮಾಡಿಸಿ. ಸಂಗೀತದಲ್ಲಿ ನಾಲ್ಕು ಬಾರ್‌ಗಳ ಸುತ್ತೊಂದನ್ನು ಬೇಕಾದಷ್ಟು ಸಲ ತಿರುಗಿಸುವಂತೆ ಬರೆಸಿ, ತಯಾರಾದ ಕೂಡಲೇ ಡ್ರಮ್ಮರ್ ಎದುರಿನ ಚಿಕ್ಕ ಹಸಿರು ದೀಪ ಹೊತ್ತಲಿ. ಇಂಥ ಕಡೆ ಕ್ಲಿಕ್ ಟ್ರ್ಯಾಕ್ (ಬ್ಯಾಂಡಿನವರ ಕಿವಿಗೆ ಲಯ ಹೇಳುವ ಮುದ್ರಿತ ಟಿಕ್ ಟಿಕ್) ಬಳಸಿದರೆ ಬ್ಯಾಂಡ್ ಮುಂದೆ ಹೋಗುತ್ತದೆ, ಕಲಾವಿದರು ಅರ್ಧ ಬಟ್ಟೆಯಲ್ಲಿ ಉಳಿಯುತ್ತಾರೆ.

ಡ್ರ್ಯಾಗ್‌ನ ಜೀವ ಪ್ರೇಕ್ಷಕರ ಜೊತೆಗಿನ ಹರಟೆಯಲ್ಲಿದೆ. ಅದನ್ನು ಸ್ಕ್ರಿಪ್ಟ್‌ನಲ್ಲಿ ಕಟ್ಟಿಹಾಕಬೇಡಿ. ಎಲ್ಲೆಲ್ಲಿ, ಎಷ್ಟು ನಿಮಿಷ ಎಂದು ಮಾತ್ರ ಬರೆಯಿರಿ. ಪ್ರತಿ ಹರಟೆಯೂ ಮುಗಿಯಲು ಒಂದು ಖಚಿತ ವಾಕ್ಯ ಇರಬೇಕು, ಬೆಳಕಿನವರು, ಬ್ಯಾಂಡಿನವರು ಕಾಯುವುದು ಅದಕ್ಕೇ. ಪ್ರೇಕ್ಷಕರನ್ನು ಮುಟ್ಟುವುದು, ತೊಡೆಯ ಮೇಲೆ ಕೂರುವುದು ಮುಂಚಿತ ಒಪ್ಪಿಗೆಯಿಲ್ಲದೆ ಬೇಡ. ಪ್ರೇಕ್ಷಕರು ಕಲಾವಿದರನ್ನು ಮುಟ್ಟದ ಹಾಗೆ ನೋಡಿಕೊಳ್ಳಲು ಮೊದಲ ಸಾಲಿನ ಎರಡು ತುದಿಯಲ್ಲಿ ತಂಡದವರು ಕೂತಿರಲಿ.

ಬೆಳಕು

ಕೆಂಪು ಬೆಳಕಿನಲ್ಲಿ ಕೆಂಪು ತುಟಿ ಮಾಯವಾಗುತ್ತದೆ. ನೇರ ಮೇಲಿನಿಂದ ಬೀಳುವ ಬೆಳಕಿಗೆ ಎರಡು ಜೊತೆ ರೆಪ್ಪೆ ಕಣ್ಣನ್ನು ಕಪ್ಪು ಗುಂಡಿ ಮಾಡುತ್ತದೆ. ಎದುರಿನಿಂದ 35, 40 ಡಿಗ್ರಿಯ ಬಿಳಿ ಬೆಳಕು ಸದಾ ಸ್ವಲ್ಪ ಉಳಿದಿರಲಿ, ಬಣ್ಣವೆಲ್ಲ ಹಿಂದಿನಿಂದ, ಬದಿಯಿಂದ ಬರಲಿ. ಕಪ್ಪು ಟೋಪನ್ ಕಪ್ಪು ಪರದೆಯಲ್ಲಿ ಕರಗದಿರಲು ಹಿಂಬೆಳಕು ಬೇಕೇ ಬೇಕು. ಹಳೆಯ 1000 ವ್ಯಾಟಿನ ಪಾರ್ ದೀಪ ಹನ್ನೆರಡು ಉರಿಸಿದರೆ 52 ಆಂಪಿಯರ್ ಎಳೆಯುತ್ತದೆ, ಸೌಂಡ್ ಅದೇ ಫೇಸ್‌ನಲ್ಲಿದ್ದರೆ ಗುಂಯ್ ಎನ್ನುತ್ತದೆ. ಮಿನುಗು ದೀಪ ಸೆಕೆಂಡಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಹೊಗೆಯ ಯಂತ್ರಕ್ಕೆ ಹಾಲ್‌ನವರ ಅನುಮತಿ ಕೇಳಿ, ಹಾಡುವವರ ಗಂಟಲಿನ ಅನುಮತಿಯನ್ನೂ.

ಪ್ರದರ್ಶನದ ದಿನ

ಸಂಜೆ 7:30ರ ಆಟಕ್ಕೆ ಬೆಳಿಗ್ಗೆ 8ಕ್ಕೆ ಸಾಮಾನು ಇಳಿಸಿ. ಮಧ್ಯಾಹ್ನದೊಳಗೆ ಲೆವೆಲ್, ಬೆಳಕು, ವೈರಿಂಗ್. 1:30ಕ್ಕೆ ಊಟ. 2:15ಕ್ಕೆ ಮುಖ್ಯ ದನಿಯ ಸೌಂಡ್‌ಚೆಕ್, ಬಣ್ಣವಿಲ್ಲದೆ, ಆದರೆ ಹೀಲ್ಸ್ ಮತ್ತು ಟೋಪನ್ ಹಾಕಿಕೊಂಡು. ಟೋಪನ್ ಕಿವಿ ಮುಚ್ಚುವುದರಿಂದ ಮಾನಿಟರ್ ಬೇರೆಯೇ ಕೇಳುತ್ತದೆ. 4ಕ್ಕೆ ಎರಡು ಇಡ್ಲಿಯೋ ಮೊಸರನ್ನವೋ. ಬಿಸಿಬೇಳೆ ಬಾತ್ ಆಟ ಮುಗಿದ ಮೇಲೆ. 4:15ಕ್ಕೆ ಶೇವಿಂಗ್‌ನಿಂದ ಶುರು ಮಾಡಿ 6:45ಕ್ಕೆ ಮುಖ ಮುಗಿಯಬೇಕು, ಆ ಹೊತ್ತಿನಲ್ಲಿ ಬ್ಯಾಂಡ್ ತನ್ನ ಚೆಕ್ ಮುಗಿಸಿಕೊಳ್ಳಲಿ. ಪ್ಯಾಡು, ಸ್ಟಾಕಿಂಗ್ಸ್, ಮೈಕ್, ಟೋಪನ್, ಕೊನೆಗೆ 7:10ಕ್ಕೆ ಕಾರ್ಸೆಟ್. ಮೊದಲೇ ಬಿಗಿದು ಕೂತರೆ ಪರದೆ ಏಳುವ ಮುಂಚೆಯೇ ಉಸಿರು ದಣಿದಿರುತ್ತದೆ. ರಂಗಶಂಕರದಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರನ್ನು ಬಿಡುವುದಿಲ್ಲ. ನಿಮ್ಮ ಮುಖದ ಬಣ್ಣಕ್ಕೂ ಅವರು ಕಾಯುವುದಿಲ್ಲ.

ಸ್ಟ್ರಾ ಹಾಕಿದ ನೀರಿನ ಬಾಟಲ್ ಡ್ರಮ್ಸ್ ಲೆವೆಲ್‌ನ ಅಂಚಿನಲ್ಲೇ ಇರಲಿ, ಪ್ರತಿ ಎರಡು ಹಾಡಿಗೊಮ್ಮೆ ಕುಡಿಯುವುದನ್ನು ಚಲನೆಯ ಭಾಗವಾಗಿ ಸೇರಿಸಿ.

ಆಟ ಮುಗಿದ ಮೇಲೆ

ಬಣ್ಣ ತೆಗೆಯಲು 40 ನಿಮಿಷ ಬೇಕು. ಹಾಲ್ ಬೀಗ ಹಾಕುವ ಹೊತ್ತನ್ನು ಮೊದಲೇ ಕೇಳಿ, ಗ್ರೀನ್ ರೂಮನ್ನು ಕೊನೆಯವರೆಗೆ ಇಟ್ಟುಕೊಳ್ಳುವ ಮಾತಾಡಿ. ಕಾರ್ಸೆಟ್ ಮೊದಲು ಬಿಚ್ಚಿ. ಸ್ಪಿರಿಟ್ ಗಮ್ಮಿಗೆ ಅದರ ರಿಮೂವರ್, ಹುಬ್ಬಿನ ಅಂಟಿಗೆ ಬಿಸಿನೀರಿನ ಬಟ್ಟೆ, ಉಳಿದದ್ದಕ್ಕೆ ಕೊಬ್ಬರಿ ಎಣ್ಣೆ. ವೇಷದಲ್ಲೇ ಮನೆಗೆ ಹೋಗಬೇಕಾಗಿ ಬಂದರೆ ಒಬ್ಬರನ್ನೇ ಕ್ಯಾಬ್ ಹತ್ತಿಸಬೇಡಿ. ತಂಡದ ಗಾಡಿಯಲ್ಲಿ, ಜೊತೆಗೊಬ್ಬರು ಹೋಗಲಿ. ಇದರ ಖರ್ಚು ಬಜೆಟ್‌ನಲ್ಲಿ ಮೊದಲೇ ಬರೆದಿರಬೇಕು.

ಮರುದಿನವೂ ಆಟವಿದ್ದರೆ ಸಿಂಥೆಟಿಕ್ ಟೋಪನ್ನನ್ನು ತಣ್ಣೀರು, ಸ್ವಲ್ಪ ಶಾಂಪೂ ಹಾಕಿ ರಾತ್ರಿಯೇ ಅದ್ದಿ ತೆಗೆದು, ಹಿಂಡದೆ ಟವೆಲ್‌ನಲ್ಲಿ ಒತ್ತಿ, ನೆರಳಲ್ಲಿ ಒಣಗಲು ಇಡಿ. ಹೇರ್ ಡ್ರೈಯರ್ ಬಿಸಿಗೆ ಅದರ ಎಳೆ ಸುರುಟಿಕೊಳ್ಳುತ್ತದೆ. ಪ್ಯಾಡಿನ ಫೋಮ್ ಫ್ಯಾನ್ ಕೆಳಗೆ, ಟ್ರಾನ್ಸ್‌ಮಿಟರನ್ನು ಬ್ಯಾಟರಿ ತೆಗೆದು ತೆರೆದಿಡಿ. ಹೀಲ್ಸ್‌ನ ತಳದ ರಬ್ಬರ್ ಎದ್ದಿದೆಯೇ ನೋಡಿ. ಎದ್ದಿದ್ದರೆ ಅಂಟು ಹಿಡಿಯಲು ಇಡೀ ರಾತ್ರಿ ಬೇಕು, ಹಾಗಾಗಿ ಅದನ್ನು ಆಗಲೇ ಅಂಟಿಸಿ.